ದಾರಿಯೋ ಫೋ ಅವರ ‘ಅನಾರ್ಕಿಸ್ಟನ ಆಕಸ್ಮಿಕ ಸಾವು’: ಪದೇ ಪದೇ ಕೇಳುವ ಪ್ರಶ್ನೆಗಳು

ಈ ನಾಟಕವನ್ನು ಗೆಳೆಯರ ಜೊತೆ ಓದಲು ಕೂತಾಗಲೆಲ್ಲ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಪತ್ರ ಬರೆದು ಕೇಳಿದವರಿದ್ದಾರೆ, ಓದು ಮುಗಿದ ಮೇಲೆ ಚಹಾ ಕುಡಿಯುತ್ತ ಕೇಳಿದವರೂ ಇದ್ದಾರೆ. ಆದಷ್ಟು ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಾಟಕದ ಪರಿಚಯವೇ ಇಲ್ಲದವರು ಮೊದಲಿಂದ ಓದಿ. ಆಡಿಸಬೇಕು ಅಂತಿರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಇದು ಯಾರ ನಾಟಕ, ಯಾವಾಗಿನದು?

ಇಟಲಿಯ ದಾರಿಯೋ ಫೋ ಬರೆದದ್ದು. ಮೂಲ ಹೆಸರು ‘ಮೊರ್ತೆ ಆಚ್ಚಿದೆಂತಾಲೆ ದಿ ಉನ್ ಅನಾರ್ಕಿಕೊ’. 1970ರ ಡಿಸೆಂಬರಿನಲ್ಲಿ ಮೊದಲ ಪ್ರಯೋಗ ಆಯಿತು. ಮುಖ್ಯ ಪಾತ್ರವನ್ನು ಫೋ ಅವರೇ ಮಾಡಿದರು. ಅವರು ಮತ್ತು ಅವರ ಹೆಂಡತಿ, ನಟಿ ಫ್ರಾಂಕಾ ರಾಮೆ ಸೇರಿ ಕಟ್ಟಿದ ‘ಲಾ ಕೊಮೂನೆ’ ತಂಡ ಇದನ್ನು ಆಡಿತು. ಫೋ ಅವರಿಗೆ 1997ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಫ್ರಾಂಕಾ 2013ರಲ್ಲಿ, ಫೋ 2016ರಲ್ಲಿ ತೀರಿಕೊಂಡರು.

ಕಥೆ ಏನು? ಪೂರ್ತಿ ಬೇಡ, ಎಳೆ ಹೇಳಿ ಸಾಕು.

ಒಬ್ಬ ಹುಚ್ಚ ಇದ್ದಾನೆ. ಅವನಿಗೆ ವೇಷ ಹಾಕುವ ಚಟ. ಮನೋವೈದ್ಯನ ಸೋಗು ಹಾಕಿ ಸಿಕ್ಕಿಬಿದ್ದು ಪೊಲೀಸ್ ಕಚೇರಿಗೆ ಬಂದಿದ್ದಾನೆ. ಹುಚ್ಚ ಅನ್ನುವ ಸರ್ಟಿಫಿಕೇಟ್ ಇರುವುದರಿಂದ ಅವನಿಗೆ ಶಿಕ್ಷೆ ಕೊಡುವ ಹಾಗಿಲ್ಲ. ಅಧಿಕಾರಿ ಆಚೆ ಹೋದಾಗ ಫೋನ್ ಬರುತ್ತದೆ, ಇವನು ಎತ್ತುತ್ತಾನೆ. ವಿಚಾರಣೆ ನಡೆಯುವಾಗ ಒಬ್ಬ ಅನಾರ್ಕಿಸ್ಟ್ (ಸರ್ಕಾರವೇ ಬೇಡ ಅಂತ ನಂಬಿದವನು) ಕಿಟಕಿಯಿಂದ ಬಿದ್ದು ಸತ್ತಿದ್ದಾನೆ, ಅದರ ಮರುತನಿಖೆಗೆ ದೊಡ್ಡ ನ್ಯಾಯಾಧೀಶರು ಬರುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ತಡ ಮಾಡದೆ ಆ ನ್ಯಾಯಾಧೀಶನ ವೇಷ ಹಾಕಿ ಮೇಲಿನ ಮಹಡಿಗೆ ಹೋಗುತ್ತಾನೆ.

ಅಲ್ಲಿಂದ ಶುರು ಆಟ. ‘ನಾನು ನಿಮ್ಮನ್ನು ಉಳಿಸೋಕೆ ಬಂದವನು’ ಅಂತ ನಂಬಿಸಿ, ಪೊಲೀಸರ ಬಾಯಿಂದಲೇ ಸುಳ್ಳಿನ ಮೇಲೆ ಸುಳ್ಳು ಹೇಳಿಸುತ್ತಾನೆ. ಕೊನೆಗೆ ಅವರ ಕೈಲಿ ಅನಾರ್ಕಿಸ್ಟರ ಹಳೆಯ ಹಾಡನ್ನೂ ಹಾಡಿಸುತ್ತಾನೆ. ಎರಡನೇ ಅಂಕದಲ್ಲಿ ಮರಿಯಾ ಫೆಲೆತ್ತಿ ಅನ್ನುವ ಪತ್ರಕರ್ತೆ ಬಂದು ಪ್ರಶ್ನೆ ಕೇಳತೊಡಗುತ್ತಾಳೆ. ಅಷ್ಟರಲ್ಲಿ ಹುಚ್ಚ ಗಾಜಿನ ಕಣ್ಣು, ಮರದ ಕಾಲು, ಸುಳ್ಳು ಕೈ ಹಾಕಿಕೊಂಡು ಪರಿಣತ ಕ್ಯಾಪ್ಟನ್ ಆಗಿರುತ್ತಾನೆ. ಆಮೇಲೆ ಬಿಷಪ್ ಕೂಡ ಆಗುತ್ತಾನೆ. ನಮ್ಮ ಹಗಲುವೇಷದವರನ್ನು ನೋಡಿದವರಿಗೆ ಈ ಪಾತ್ರ ಥಟ್ಟನೆ ಅರ್ಥವಾಗುತ್ತದೆ. ಹಗಲು ಬೆಳಕಲ್ಲಿ, ಎಲ್ಲರ ಎದುರಿಗೇ ವೇಷ.

ಇದು ನಿಜವಾಗಿ ನಡೆದದ್ದಾ? ಸತ್ತವರು ಯಾರು?

ನಿಜ. ಇದನ್ನು ತಿಳಿಯದೆ ನಾಟಕ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1969ರ ಡಿಸೆಂಬರ್ 12. ಮಿಲಾನಿನ ಪಿಯಾತ್ಸಾ ಫೊಂತಾನಾ ಚೌಕದಲ್ಲಿ ಕೃಷಿ ಬ್ಯಾಂಕಿನ ಒಳಗೆ ಬಾಂಬ್ ಸಿಡಿಯಿತು. 17 ಜನ ಸತ್ತರು, 88 ಜನ ಗಾಯಗೊಂಡರು. ಪೊಲೀಸರು ಆವತ್ತೇ ಅನಾರ್ಕಿಸ್ಟರನ್ನು ಹಿಡಿಯತೊಡಗಿದರು. ಹಾಗೆ ಕರೆಸಿಕೊಂಡವರಲ್ಲಿ ಜುಸೆಪ್ಪೆ ಪಿನೆಲ್ಲಿ ಒಬ್ಬರು. ರೈಲ್ವೆ ನೌಕರ, 41 ವರ್ಷ, ಇಬ್ಬರು ಹೆಣ್ಣುಮಕ್ಕಳ ತಂದೆ. ಪೊಲೀಸ್ ಕಾರಿನ ಹಿಂದೆ ತಮ್ಮದೇ ಪುಟ್ಟ ಮೊಪೆಡ್ ಓಡಿಸಿಕೊಂಡು ಅವರು ಠಾಣೆಗೆ ಹೋದರು. ಓಡಿಹೋಗುವವರು ಹಾಗೆ ಹಿಂದೆ ಹಿಂದೆ ಹೋಗುತ್ತಾರಾ?

ಕಾನೂನು ಪ್ರಕಾರ 48 ಗಂಟೆಗಿಂತ ಹೆಚ್ಚು ಹೊತ್ತು ಅವರನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಮೂರು ದಿನ ಇಟ್ಟುಕೊಂಡರು. ಡಿಸೆಂಬರ್ 15ರ ನಡುರಾತ್ರಿ ಹೊತ್ತಿಗೆ ಪಿನೆಲ್ಲಿ ನಾಲ್ಕನೇ ಮಹಡಿಯ ಕಿಟಕಿಯಿಂದ ಕೆಳಗೆ ಬಿದ್ದು ಸತ್ತರು. ಪೊಲೀಸ್ ಮುಖ್ಯಸ್ಥರು ಆ ರಾತ್ರಿಯೇ ಪತ್ರಕರ್ತರಿಗೆ ಅದು ಆತ್ಮಹತ್ಯೆ ಅನ್ನುವ ಅರ್ಥದಲ್ಲಿ ಹೇಳಿದರು. ಬಾಂಬಿಗೂ ಪಿನೆಲ್ಲಿಗೂ ಏನೂ ಸಂಬಂಧ ಇರಲಿಲ್ಲ. ಬಾಂಬ್ ಇಟ್ಟವರು ಬಲಪಂಥದ ನವ ಫ್ಯಾಸಿಸ್ಟ್ ಗುಂಪಿನವರು ಅಂತ ಇಟಲಿಯ ಉನ್ನತ ನ್ಯಾಯಾಲಯ 2005ರಲ್ಲಿ ಹೇಳಿತು. ಆದರೆ ಅದರಲ್ಲಿ ಹೆಸರು ಬಂದ ಇಬ್ಬರೂ ಹಿಂದೆಯೇ ಖುಲಾಸೆ ಆಗಿದ್ದರು, ಮತ್ತೆ ವಿಚಾರಣೆ ಮಾಡಲು ಬರುತ್ತಿರಲಿಲ್ಲ.

ಒಬ್ಬ ಮನುಷ್ಯ ಸತ್ತಿದ್ದಾನೆ. ಅದನ್ನು ಇಟ್ಟುಕೊಂಡು ನಗಿಸೋದು ಸರಿನಾ?

ನನಗೂ ಮೊದಲ ಓದಿನಲ್ಲಿ ಹೀಗೇ ಅನ್ನಿಸಿತ್ತು. ಆಮೇಲೆ ಗಮನಿಸಿದೆ. ಸತ್ತವನ ಮೇಲೆ ಈ ನಾಟಕದಲ್ಲಿ ಒಂದು ನಗೆಯೂ ಇಲ್ಲ. ನಗು ಇರುವುದೆಲ್ಲ ಪೊಲೀಸರ ಹೇಳಿಕೆಗಳ ಮೇಲೆ.

ಶೂ ಪ್ರಸಂಗ ನೋಡಿ. ಬೀಳುವಾಗ ಹಿಡಿಯಲು ಹೋದೆ, ಕಾಲು ಸಿಕ್ಕಿತು, ಶೂ ಮಾತ್ರ ಕೈಯಲ್ಲಿ ಉಳಿಯಿತು ಅಂತ ಕಾನ್‌ಸ್ಟೆಬಲ್ ಹೇಳುತ್ತಾನೆ. ಆದರೆ ಕೆಳಗೆ ಬಿದ್ದಿದ್ದವನ ಎರಡೂ ಕಾಲಲ್ಲಿ ಶೂ ಇತ್ತು. ಹಾಗಾದರೆ ಅವನಿಗೆ ಮೂರು ಕಾಲಿತ್ತಾ ಅನ್ನುವ ಪ್ರಶ್ನೆ ಬರುತ್ತದೆ. ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಾರೆ. ಇದು ಫೋ ಕಟ್ಟಿದ ಜೋಕ್ ಅಂದುಕೊಳ್ಳುತ್ತೇವೆ. ಅಲ್ಲ, ನಿಜವಾದ ಪ್ರಕರಣದಲ್ಲೂ ಶೂ ಕೈಗೆ ಬಂತು ಅನ್ನುವ ಹೇಳಿಕೆ ಇತ್ತು, ಎರಡೂ ಶೂ ಕಾಲಲ್ಲೇ ಇದ್ದದ್ದನ್ನು ಕಂಡ ಪತ್ರಕರ್ತರೂ ಇದ್ದರು. ಡಿಸೆಂಬರ್ ಚಳಿಯ ನಡುರಾತ್ರಿ ಕಿಟಕಿ ಯಾಕೆ ತೆರೆದಿತ್ತು ಅನ್ನುವ ಪ್ರಶ್ನೆಯೂ ಹಾಗೇ. ಕಾಗದದ ಮೇಲೆ ಗಂಭೀರವಾಗಿ ಕಾಣುತ್ತಿದ್ದ ಮಾತುಗಳನ್ನು ಫೋ ಜೋರಾಗಿ ಓದಿಸಿದರು ಅಷ್ಟೇ. ಹಾಗೆ ಓದಿಸಿದಾಗ ಅವು ನಿಲ್ಲಲಿಲ್ಲ.

## ಇಟಲಿಯಲ್ಲಿ ನಡೆದದ್ದು

ಪೊಲೀಸರ ಮೇಲೆ ಇಷ್ಟು ನೇರವಾಗಿ ನಾಟಕ ಮಾಡಿದರೆ ಕೇಸ್ ಬೀಳಲ್ವಾ?

ಬೀಳುವ ಭಯ ಇತ್ತು. ಅದಕ್ಕೆ ಫೋ ಒಂದು ಉಪಾಯ ಮಾಡಿದರು. 1920ರಲ್ಲಿ ಆಂಡ್ರಿಯಾ ಸಾಲ್ಸೆದೋ ಅನ್ನುವ ಇಟಲಿ ಮೂಲದ ಅನಾರ್ಕಿಸ್ಟ್ ನ್ಯೂಯಾರ್ಕಿನಲ್ಲಿ ಕೇಂದ್ರ ಸರ್ಕಾರದ ತನಿಖಾಧಿಕಾರಿಗಳ ವಶದಲ್ಲಿದ್ದಾಗ 14ನೇ ಮಹಡಿಯಿಂದ ಬಿದ್ದು ಸತ್ತಿದ್ದರು. ‘ನಾವು ಹೇಳುತ್ತಿರುವುದು ಆ ಅಮೆರಿಕದ ಕಥೆ. ನಾಟಕದ ಅನುಕೂಲಕ್ಕೆ ಅದನ್ನು ಇವತ್ತಿನ ಇಟಲಿಗೆ ತಂದಿದ್ದೇವೆ’ ಅನ್ನುವ ಅರ್ಥದ ಮುನ್ನುಡಿ ಇಟ್ಟರು. ಕೂತವರಿಗೆಲ್ಲ ಇದು ಯಾರ ಕಥೆ ಅಂತ ಗೊತ್ತಿತ್ತು.

ಇಟಲಿಯಲ್ಲಿ ನಾಟಕದ ಹಸ್ತಪ್ರತಿಯನ್ನು ಮೊದಲೇ ತೋರಿಸಿ ಒಪ್ಪಿಗೆ ತರುವ ಸೆನ್ಸಾರ್ 1962ರಲ್ಲೇ ಹೋಗಿತ್ತು. ಅದೂ ಅನುಕೂಲವಾಯಿತು.

ಫೋ ಆಡಿದಾಗ ಹೇಗಿತ್ತು? ಮಾಮೂಲಿ ಥಿಯೇಟರಿನಲ್ಲೇನಾ?

1968ರಲ್ಲೇ ಫೋ ಮತ್ತು ಫ್ರಾಂಕಾ ಟಿಕೆಟ್ ಕೊಂಡು ಬರುವ ಸಿರಿವಂತರ ಥಿಯೇಟರುಗಳನ್ನು ಬಿಟ್ಟಿದ್ದರು. ಕಾರ್ಮಿಕರ ಭವನ, ಕಾರ್ಖಾನೆ, ಶೆಡ್ಡು ಇಂಥ ಕಡೆ ಆಡುತ್ತಿದ್ದರು. ಮಿಲಾನಿನಲ್ಲಿ ಈ ನಾಟಕಕ್ಕೆ ಸಿಕ್ಕಿದ್ದೂ ಒಂದು ಹಳೆಯ ಶೆಡ್ಡೇ.

ಇದೇ ಹೊತ್ತಿಗೆ ಇನ್ನೊಂದು ಕಡೆ ಕೋರ್ಟಿನಲ್ಲಿ ಕೇಸ್ ನಡೆಯುತ್ತಿತ್ತು. ಪೊಲೀಸ್ ಅಧಿಕಾರಿ ಲುಯೀಜಿ ಕಲಾಬ್ರೇಸಿ, ಪಿನೆಲ್ಲಿ ಸಾವಿಗೆ ತಮ್ಮನ್ನು ದೂರಿದ, ‘ಲೊತ್ತಾ ಕೊಂತಿನುವಾ’ ಅನ್ನುವ ಎಡಪಂಥೀಯ ಸಂಘಟನೆಯ ಅದೇ ಹೆಸರಿನ ಪತ್ರಿಕೆಯ ಮೇಲೆ ಮಾನನಷ್ಟದ ಮೊಕದ್ದಮೆ ಹಾಕಿದ್ದರು. ಕೋರ್ಟಿನಲ್ಲಿ ಹೊಸ ಸಂಗತಿ ಹೊರಬಂದ ಹಾಗೆ ನಾಟಕದ ಮಾತುಗಳೂ ಬದಲಾಗುತ್ತಿದ್ದವು. ಹಾಗಾಗಿ ಈ ನಾಟಕಕ್ಕೆ ‘ಇದೇ ಅಂತಿಮ ಪಠ್ಯ’ ಅನ್ನುವುದು ಮೂಲದಲ್ಲೇ ಗಟ್ಟಿಯಾಗಿಲ್ಲ. ಅನುವಾದ ಮಾಡುವವರು ಇದನ್ನು ನೆನಪಿಡಬೇಕು.

ಎರಡು ಅಂಕ ಮುಗಿದ ಮೇಲೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಪ್ರೇಕ್ಷಕರ ಜೊತೆ ಚರ್ಚೆ ಇರುತ್ತಿತ್ತು. ಅದನ್ನು ‘ಮೂರನೇ ಅಂಕ’ ಅನ್ನುತ್ತಿದ್ದರು. ವಿದೇಶಗಳಿಗೆ ಹೋದಾಗ ಹೆಚ್ಚಾಗಿ ಕಳೆದುಹೋದದ್ದು ಇದೇ ಅಂಕ.

ಕಲಾಬ್ರೇಸಿಯವರ ಕೊಲೆಗೆ ಈ ನಾಟಕವೂ ಕಾರಣ ಅಂತಾರಲ್ಲ?

ಕಷ್ಟದ ಪ್ರಶ್ನೆ, ಜಾರಿಕೊಳ್ಳಬಾರದು. 1972ರ ಮೇ 17ರಂದು ಕಲಾಬ್ರೇಸಿಯವರನ್ನು ಅವರ ಮನೆಯ ಹತ್ತಿರ ಗುಂಡಿಟ್ಟು ಕೊಂದರು. ಮುಂದೆ ಲೊತ್ತಾ ಕೊಂತಿನುವಾದ ಮುಖಂಡರಾಗಿದ್ದವರಿಗೆ ಶಿಕ್ಷೆ ಆಯಿತು. ಅವರಲ್ಲಿ ಆದ್ರಿಯಾನೋ ಸೋಫ್ರಿ ತಾವು ನಿರಪರಾಧಿ ಅಂತಲೇ ಹೇಳುತ್ತ ಬಂದರು.

1975ರಲ್ಲಿ ನ್ಯಾಯಾಧೀಶ ಜೆರಾರ್ದೋ ದಾಂಬ್ರೋಸಿಯೋ ತನಿಖೆ ಮುಗಿಸಿ, ಪಿನೆಲ್ಲಿ ಬಿದ್ದಾಗ ಕಲಾಬ್ರೇಸಿ ಆ ಕೋಣೆಯಲ್ಲಿ ಇರಲಿಲ್ಲ ಅಂದರು. ನಾಟಕದಲ್ಲಿ ಒಬ್ಬ ಅಧಿಕಾರಿ ಉದ್ದ ಕತ್ತಿನ ಸ್ವೆಟರ್ ಹಾಕಿರುತ್ತಾನೆ. ಅದು ಕಲಾಬ್ರೇಸಿಯ ಉಡುಪು. ಮಿಲಾನಿನವರಿಗೆ ಗುರುತು ಸಿಗದೆ ಇರಲಿಲ್ಲ.

ನಾಟಕ ಕೊಲೆ ಮಾಡಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಒಬ್ಬ ಜೀವಂತ ಮನುಷ್ಯನ ಉಡುಪನ್ನು ರಂಗದ ಮೇಲೆ ತಂದಾಗ ಅದಕ್ಕೆ ತೂಕ ಇರುತ್ತದೆ. ಇವತ್ತು ಆಡಿಸುವವರು ಆ ಗುರುತನ್ನು ಬಿಟ್ಟುಬಿಡುವುದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. 2009ರ ಮೇ 9ರಂದು ಇಟಲಿಯ ರಾಷ್ಟ್ರಪತಿ ಭವನದಲ್ಲಿ ಪಿನೆಲ್ಲಿಯವರ ಹೆಂಡತಿ ಲೀಚಾ ಮತ್ತು ಕಲಾಬ್ರೇಸಿಯವರ ಹೆಂಡತಿ ಜೆಮ್ಮಾ ಕೈ ಕುಲುಕಿದರು. ಆ ಇಬ್ಬರು ಹೆಂಗಸರನ್ನು ಮರೆತು ಈ ನಾಟಕದ ತಾಲೀಮು ಮಾಡಬೇಡಿ.

## ಬೇರೆ ದೇಶಗಳಲ್ಲಿ

ಲಂಡನ್ನಿನಲ್ಲಿ ಸೂಪರ್ ಹಿಟ್ ಆಯ್ತಂತೆ. ಮತ್ತೆ ಫೋಗೆ ಯಾಕೆ ಅಸಮಾಧಾನ?

1979ರಲ್ಲಿ ‘ಬೆಲ್ಟ್ ಅಂಡ್ ಬ್ರೇಸಸ್’ ಅನ್ನುವ ಎಡಪಂಥೀಯ ತಂಡ ಇದನ್ನು ಇಂಗ್ಲಿಷಿಗೆ ತಂತು. ಗಿಲಿಯನ್ ಹ್ಯಾನಾ ಅನುವಾದ ಮಾಡಿದರು, ಅದನ್ನು ಗ್ಯಾವಿನ್ ರಿಚರ್ಡ್ಸ್ ರಂಗಕ್ಕೆ ಹೊಂದಿಸಿದರು. ಊರೂರು ತಿರುಗಿದ ನಾಟಕ 1980ರಲ್ಲಿ ಲಂಡನ್ನಿನ ವೆಸ್ಟ್ ಎಂಡಿನ ವಿಂಧಮ್ಸ್ ಥಿಯೇಟರಿಗೆ ಹೋಯಿತು. ಫೋ ಇಟಲಿಯಲ್ಲಿ ಯಾವ ಬಗೆಯ ಥಿಯೇಟರನ್ನು ಬಿಟ್ಟು ಬಂದಿದ್ದರೋ, ಅವರ ನಾಟಕ ಇಂಗ್ಲೆಂಡಿನಲ್ಲಿ ಅಂಥದ್ದೇ ಥಿಯೇಟರಿನಲ್ಲಿ ಗೆದ್ದಿತು. 1983ರಲ್ಲಿ ಟಿವಿಯಲ್ಲೂ ಬಂತು.

ಜನ ನಕ್ಕರು, ತುಂಬ ನಕ್ಕರು. ಆದರೆ ಪೊಲೀಸರು ಕೋಡಂಗಿಗಳಾಗಿಬಿಟ್ಟರು. ಕೋಡಂಗಿಗೆ ಯಾರು ಹೆದರುತ್ತಾರೆ? ಫೋ ಅವರ ಕೊರಗು ಇದೇ: ತಮಾಷೆ ಜಾಸ್ತಿಯಾಗಿ ಸಿಟ್ಟು ತೆಳುವಾಯಿತು. ಅವರ ಪೊಲೀಸರು ಪೆದ್ದರಲ್ಲ. ಅಧಿಕಾರ ಇರುವವರು, ಅಪಾಯದವರು, ಆ ಹೊತ್ತಿಗೆ ಸಿಕ್ಕಿಬಿದ್ದವರು.

ಹಾಗಂತ ರಿಚರ್ಡ್ಸ್ ಕೆಲಸವನ್ನು ನಾನು ತಳ್ಳಿಹಾಕುವುದಿಲ್ಲ. ಇಂಗ್ಲಿಷ್ ಬಲ್ಲ ಜಗತ್ತಿಗೆ ಈ ನಾಟಕ ಹರಡಿದ್ದು ಆ ಪಠ್ಯದಿಂದಲೇ. ನಾಟಕ ಆಡಿಸುವವನಿಗೆ ಅದರ ವೇಗದಲ್ಲಿ ಕಲಿಯುವುದು ಬಹಳ ಇದೆ.

ಎರಡೆರಡು ಅಂತ್ಯ ಇದೆಯಂತೆ. ನಿಜವಾದ ಅಂತ್ಯ ಯಾವುದು?

ಇಟಾಲಿಯನ್ ಮೂಲದಲ್ಲಿ ಕೊನೆಗೆ ದೀಪ ಆರುತ್ತದೆ. ಕಿರುಚಿದ ಸದ್ದು. ಬೆಳಕು ಬಂದಾಗ ಹುಚ್ಚ ಇಲ್ಲ, ಅವನೂ ಕಿಟಕಿಯಿಂದ ಬಿದ್ದಿದ್ದಾನೆ. ಆಗ ನಿಜವಾದ ನ್ಯಾಯಾಧೀಶ ಒಳಗೆ ಬರುತ್ತಾನೆ. ಆ ಪಾತ್ರ ಮಾಡುವವನು ಹುಚ್ಚನ ಪಾತ್ರ ಮಾಡಿದ ನಟನೇ. ಪೊಲೀಸರು ಬೆಚ್ಚಿಬೀಳುತ್ತಾರೆ. ಎಲ್ಲ ಮತ್ತೆ ಮೊದಲಿಂದ.

ರಿಚರ್ಡ್ಸ್ ಪಠ್ಯದಲ್ಲಿ ಬೇರೆಯೇ ಇದೆ. ಹುಚ್ಚ ಪೊಲೀಸರನ್ನು ಬೇಡಿ ಹಾಕಿ ಕಟ್ಟುತ್ತಾನೆ, ಬಾಂಬ್ ಇದೆ, ಬೀಗದ ಕೈ ಪತ್ರಕರ್ತೆಯ ಕೈಯಲ್ಲಿ. ಒಂದು ಅಂತ್ಯದಲ್ಲಿ ಅವಳು ಬಿಟ್ಟು ಹೋಗುತ್ತಾಳೆ, ಪೊಲೀಸರು ಸಾಯುತ್ತಾರೆ. ಇನ್ನೊಂದರಲ್ಲಿ ಕನಿಕರಪಟ್ಟು ಬಿಡಿಸುತ್ತಾಳೆ. ಬಿಡಿಸಿಕೊಂಡವರು ಅವಳನ್ನೇ ಕಟ್ಟಿಹಾಕುತ್ತಾರೆ.

ನನ್ನ ಆಯ್ಕೆ ಮೂಲದ್ದು. ಎರಡು ಅಂತ್ಯದ ಆಟದಲ್ಲಿ ಪ್ರೇಕ್ಷಕರು ಪತ್ರಕರ್ತೆಯ ಬಗ್ಗೆ ಯೋಚಿಸುತ್ತ ಮನೆಗೆ ಹೋಗುತ್ತಾರೆ. ಮೂಲದಲ್ಲಿ ಕಿಟಕಿಯ ಬಗ್ಗೆ ಯೋಚಿಸುತ್ತಾರೆ.

ಅಮೆರಿಕದಲ್ಲಿ ಯಾಕೆ ಓಡಲಿಲ್ಲ?

1980ರಲ್ಲಿ ಮತ್ತು 1983ರಲ್ಲಿ ಅಮೆರಿಕ ಫೋ ಮತ್ತು ಫ್ರಾಂಕಾ ಅವರಿಗೆ ವೀಸಾ ಕೊಡಲಿಲ್ಲ. ಜೈಲಿನಲ್ಲಿದ್ದವರಿಗೆ ನೆರವಾಗುತ್ತಿದ್ದ ‘ಸೊಕ್ಕೊರ್ಸೋ ರೊಸ್ಸೋ’ ಸಂಘಟನೆಯಲ್ಲಿ ಅವರು ಇದ್ದದ್ದು ಕಾರಣ. ಕೊನೆಗೆ 1984ರಲ್ಲಿ ಬಿಟ್ಟರು. ಆ ವರ್ಷ ಬ್ರಾಡ್‌ವೇಯ ಬೆಲಾಸ್ಕೋ ಥಿಯೇಟರಿನಲ್ಲಿ ನಾಟಕ ಬಂತು. ರಿಚರ್ಡ್ ನೆಲ್ಸನ್ ಪಠ್ಯ, ಹುಚ್ಚನಾಗಿ ಜೊನಾಥನ್ ಪ್ರೈಸ್. 20 ಶೋಗಳಿಗೆ ನಿಂತುಹೋಯಿತು.

ರೇಗನ್ ಕಾಲದ ಅಮೆರಿಕದ ಜೋಕುಗಳನ್ನು ಅದರಲ್ಲಿ ಸೇರಿಸಿದ್ದರು. ಜೋಕು ಅಮೆರಿಕದ್ದು, ಹೆಣ ಇಟಲಿಯದ್ದು ಆದಾಗ ಎರಡೂ ಒಂದಕ್ಕೊಂದು ಅಂಟುವುದಿಲ್ಲ. ಮುನ್ನುಡಿಯ ಸಾಲ್ಸೆದೋ ಸತ್ತದ್ದು ಅದೇ ನ್ಯೂಯಾರ್ಕಿನಲ್ಲಿ. ಆ ಎಳೆ ಹಿಡಿದಿದ್ದರೆ ನಾಟಕ ಅವರ ಮನೆಯದ್ದೇ ಆಗುತ್ತಿತ್ತು ಅಂತ ನನ್ನ ಅನಿಸಿಕೆ.

ಇಂಗ್ಲಿಷಿನಲ್ಲಿ ಓದೋದಾದರೆ ಯಾವುದು ಓದಲಿ?

ಮೂಲ ಹೇಗಿದೆ ಅಂತ ತಿಳಿಯಲು ಎಡ್ ಎಮರಿ ಅನುವಾದ. ಬಿಟ್ಟದ್ದು ಕಮ್ಮಿ, ಸೇರಿಸಿದ್ದು ಕಮ್ಮಿ. ರಂಗದ ಮೇಲಿನ ಓಟ ಬೇಕಾದರೆ ರಿಚರ್ಡ್ಸ್. 1991ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿಗೆ ಟಿಮ್ ಸಪಲ್ ಮತ್ತು ಅಲನ್ ಕಮಿಂಗ್ ಇನ್ನೊಂದು ಪಠ್ಯ ಮಾಡಿದರು, ಹುಚ್ಚನಾಗಿ ಕಮಿಂಗ್ ಅವರೇ ನಟಿಸಿದರು. 2022ರಲ್ಲಿ ಟಾಮ್ ಬ್ಯಾಸ್ಡೆನ್ ಕಥೆಯನ್ನು ಪೂರ್ತಿ ಇವತ್ತಿನ ಲಂಡನ್ ಪೊಲೀಸರ ನಡುವೆ ಇಟ್ಟರು. ಶೆಫೀಲ್ಡಿನಲ್ಲಿ ಶುರುವಾಗಿ 2023ರಲ್ಲಿ ವೆಸ್ಟ್ ಎಂಡಿಗೂ ಹೋಯಿತು. ಎಮರಿ ಮತ್ತು ಬ್ಯಾಸ್ಡೆನ್ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಅನುವಾದ ಅಂದರೇನು, ರೂಪಾಂತರ ಅಂದರೇನು ಅಂತ ಬೇರೆ ಪಾಠ ಬೇಕಾಗುವುದಿಲ್ಲ.

ಭಾರತದಲ್ಲಿ ಯಾರಾದರೂ ಮಾಡಿದ್ದಾರಾ?

ದೆಹಲಿಯ ಅಸ್ಮಿತಾ ತಂಡದ ‘ಆಪರೇಷನ್ ಥ್ರೀ ಸ್ಟಾರ್’ ಇದೇ ನಾಟಕದ ಹಿಂದಿ ರೂಪ. ನಿರ್ದೇಶನ ಅರವಿಂದ್ ಗೌಡ್. ಹೆಸರಲ್ಲೇ ಅನಾರ್ಕಿಸ್ಟ್ ಹೋಗಿ ಪೊಲೀಸ್ ಅಧಿಕಾರಿಯ ಭುಜದ ನಕ್ಷತ್ರಗಳು ಬಂದಿರುವುದನ್ನು ಗಮನಿಸಿ. ನಮ್ಮಲ್ಲಿ ಜನಕ್ಕೆ ತಕ್ಷಣ ಗೊತ್ತಾಗುವುದು ಅದು.

## ಆಡಿಸುವವರಿಗೆ, ಅನುವಾದಿಸುವವರಿಗೆ

ಕನ್ನಡಕ್ಕೆ ತರುವಾಗ ಯಾವ ಪದ ಕಷ್ಟ ಕೊಡುತ್ತೆ?

ಮೊದಲನೆಯದು ಹೆಸರೇ. ‘ಅರಾಜಕತಾವಾದಿ’ ಅಂದರೆ ನಮ್ಮ ಕಿವಿಗೆ ಗಲಾಟೆ ಎಬ್ಬಿಸುವವನು ಅಂತ ಕೇಳುತ್ತದೆ. ಪತ್ರಿಕೆಗಳಲ್ಲಿ ‘ಅರಾಜಕತೆ’ ಅಂದರೆ ಅವ್ಯವಸ್ಥೆ. ಸರ್ಕಾರವೇ ಬೇಡ, ಜನ ತಾವೇ ಕೂಡಿ ಬಾಳಬಹುದು ಅಂತ ನಂಬಿದ ರೈಲ್ವೆ ನೌಕರ ಆ ಪದದೊಳಗೆ ಕಾಣುವುದಿಲ್ಲ. ಅದಕ್ಕೆ ನಾನು ‘ಅನಾರ್ಕಿಸ್ಟ್’ ಅಂತಲೇ ಉಳಿಸಿಕೊಂಡೆ.

ಎರಡನೆಯದು ‘ರಾಪ್ತುಸ್’. ಸತ್ತವನಿಗೆ ಇದ್ದಕ್ಕಿದ್ದ ಹಾಗೆ ಏನೋ ಆವೇಶ ಬಂತು, ಹಾರಿಬಿಟ್ಟ ಅನ್ನಲು ಪೊಲೀಸರು ಬಳಸುವ ಪದ. ಡಾಕ್ಟರ್ ಭಾಷೆಯ ಹಾಗೆ ಕೇಳುತ್ತದೆ, ಏನನ್ನೂ ಹೇಳುವುದಿಲ್ಲ. ‘ಆವೇಶ’ ಅಂದರೆ ಸಪ್ಪೆ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ: ‘ಜೀವನದಲ್ಲಿ ಜಿಗುಪ್ಸೆಗೊಂಡು’. ಎಷ್ಟು ಸಾವುಗಳ ಕಾರಣ ಈ ಎರಡು ಪದಗಳಲ್ಲಿ ಮುಗಿದುಹೋಗಿದೆ! ಕಾನ್‌ಸ್ಟೆಬಲ್ ಅದನ್ನು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದರೆ ಕನ್ನಡದ ಪ್ರೇಕ್ಷಕರಿಗೆ ಟಿಪ್ಪಣಿ ಬೇಕಾಗುವುದಿಲ್ಲ.

ಮೂರನೆಯದು ‘ತೇಗು’. ಹಗರಣ ಹೊರಬಂದರೆ ವ್ಯವಸ್ಥೆಗೆ ಪೆಟ್ಟು ಬೀಳುತ್ತದೆ ಅಂತ ಪತ್ರಕರ್ತೆ ನಂಬಿದ್ದಾಳೆ. ಹುಚ್ಚ ಒಪ್ಪುವುದಿಲ್ಲ. ಹಗರಣ ಅಂದರೆ ತೇಗಿದ ಹಾಗೆ, ಜನ ತೇಗಿ ಹಗುರಾಗುತ್ತಾರೆ, ಏನೂ ಬದಲಾಗುವುದಿಲ್ಲ ಅನ್ನುತ್ತಾನೆ. ಇಡೀ ನಾಟಕದ ಜೀವ ಈ ಮಾತಿನಲ್ಲಿದೆ. ಇಲ್ಲಿ ಕನ್ನಡ ನಮಗೆ ಸಹಾಯ ಮಾಡುತ್ತದೆ. ನಮ್ಮಲ್ಲಿ ತೇಗು ಅಂದರೆ ಹೊಟ್ಟೆ ತುಂಬಿದ ಗುರುತು. ಅನ್ಯಾಯದ ಸುದ್ದಿ ಓದಿ, ಹೊಟ್ಟೆ ತುಂಬ ಸಿಟ್ಟುಪಟ್ಟು, ತೇಗಿ ಮಲಗುವುದು. ನಟ ಇಲ್ಲಿ ಅವಸರ ಮಾಡಬಾರದು.

‘ಮಲೋರೆ ಅತ್ತೀವೋ’ ಅನ್ನೋ ಪದ ನಾಟಕದಲ್ಲಿ ಹುಡುಕಿದೆ, ಸಿಗಲಿಲ್ಲ.

ಸಿಗುವುದಿಲ್ಲ. ಅದು 1975ರ ತನಿಖೆಯ ಜೊತೆ ಬಂದ ಮಾತು, ನಾಟಕ ಅದಕ್ಕಿಂತ ಹಳೆಯದು. ಕೊಲೆಯೂ ಅಲ್ಲ, ಆತ್ಮಹತ್ಯೆಯೂ ಅಲ್ಲ. ಪಿನೆಲ್ಲಿ ಅಸ್ವಸ್ಥರಾದರು, ಆದರೆ ಕುಸಿಯುವ ಬದಲು ದೇಹ ಕಿಟಕಿಯ ಆಚೆಗೆ ಹೋಯಿತು ಅನ್ನುವುದು ಆ ತನಿಖೆಯ ತೀರ್ಮಾನ. ಅದನ್ನು ಜನ ‘ಚುರುಕಾದ ಅಸ್ವಸ್ಥತೆ’ ಅನ್ನುವ ಅರ್ಥದ ಈ ಹೆಸರಿನಿಂದ ನೆನಪಿಟ್ಟರು. ಈಚಿನ ಪ್ರಯೋಗಕ್ಕೆ ಸೇರಿಸಿಕೊಳ್ಳುವ ಆಸೆ ಬರುತ್ತದೆ. ಸೇರಿಸುವುದಾದರೆ ಮೊದಲ ಅಂಕದಲ್ಲಿ ಬೇಡ.

ಊರು, ಹೆಸರು ಎಲ್ಲ ನಮ್ಮದು ಮಾಡಿಬಿಡೋಣವಾ?

ಎರಡು ದಾರಿ ಇವೆ, ಎರಡೂ ಪ್ರಾಮಾಣಿಕವೇ. ಮಿಲಾನಿನಲ್ಲೇ ಇಟ್ಟರೆ ಪಿನೆಲ್ಲಿ ಯಾರು ಅಂತ ಪ್ರೇಕ್ಷಕರಿಗೆ ಮೊದಲೇ ತಿಳಿಸುವ ದಾರಿ ಹುಡುಕಿ. ನಮ್ಮ ಊರಿಗೆ ತಂದರೆ ಸುಮ್ನೆ ಹೆಸರು ಬದಲಾಯಿಸಿದರೆ ಸಾಲದು. ನಮ್ಮಲ್ಲಿ ‘ಲಾಕಪ್ ಡೆತ್’ ಅಂದರೆ ಕಾಗದಪತ್ರ ಹೇಗೆ ಬರೆಯುತ್ತಾರೆ, ಹೇಳಿಕೆ ಹೇಗೆ ಬದಲಾಗುತ್ತದೆ ಅಂತ ತಿಳಿದವರ ಹತ್ತಿರ ಕೂತು ಕೇಳಬೇಕು. ಫೋ ಮಾಡಿದ್ದೂ ಅದನ್ನೇ. ಅವರು ದಾಖಲೆ ಓದಿದರು. ಮಧ್ಯದ ದಾರಿಯೇ ಕೆಟ್ಟದ್ದು: ಇಟಲಿಯ ಹೆಸರುಗಳು, ಮೇಲೆ ಒಗ್ಗರಣೆಗೆ ಒಂದೆರಡು ಲೋಕಲ್ ರಾಜಕಾರಣಿಯ ಜೋಕು.

ಎಷ್ಟು ಜನ ನಟರು ಬೇಕು?

ಆರು ಜನ ಸಾಕು. ಐದು ಗಂಡು ಪಾತ್ರ, ಒಂದು ಹೆಣ್ಣು ಪಾತ್ರ. ಕಿಟಕಿ ಮಾತ್ರ ಗಟ್ಟಿಯಾಗಿ ಮಾಡಿಸಿ, ಅದು ಏಳನೇ ಪಾತ್ರ.

ಹಳೆಯ ನಾಟಕ ಅಲ್ವಾ, ಅನುಮತಿ ಯಾಕೆ?

ಬೇಕು. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಫೋ ತೀರಿಕೊಂಡದ್ದು 2016ರಲ್ಲಿ, ಅಂದರೆ 2076ರ ಕೊನೆಯವರೆಗೆ. ಇಂಗ್ಲಿಷ್ ಪಠ್ಯದಿಂದ ಕನ್ನಡಕ್ಕೆ ತಂದರೆ ಆ ಅನುವಾದಕರ ಹಕ್ಕೂ ಬೇರೆ ಇರುತ್ತದೆ. ಟಿಕೆಟ್ ಇಲ್ಲದ ಶೋ ಅಂತ ಬಿಟ್ಟುಬಿಡಬೇಡಿ, ಬರೆದು ಕೇಳಿ.

ಮಿಲಾನಿಗೆ ಹೋಗ್ತಿದ್ದೀನಿ. ನೋಡೋಕೆ ಏನಾದರೂ ಇದೆಯಾ?

ಪಿಯಾತ್ಸಾ ಫೊಂತಾನಾಕ್ಕೆ ಹೋಗಿ. ದೊಡ್ಡ ಚರ್ಚಿನ ಹಿಂಭಾಗಕ್ಕೆ ನಡೆದರೆ ಹತ್ತಿರವೇ. ಅಲ್ಲಿನ ಹುಲ್ಲಿನ ಮೇಲೆ ಪಿನೆಲ್ಲಿ ನೆನಪಿಗೆ ಎರಡು ಫಲಕಗಳಿವೆ. ಒಂದು ಮಿಲಾನಿನ ವಿದ್ಯಾರ್ಥಿಗಳು ಮತ್ತು ಪ್ರಜಾಪ್ರಭುತ್ವದ ಪರ ಇರುವವರು ಇಟ್ಟದ್ದು, ಇನ್ನೊಂದು ನಗರಸಭೆ ಇಟ್ಟದ್ದು. ಎರಡರಲ್ಲೂ ‘ನಿರಪರಾಧಿ’ ಅಂತ ಇದೆ. ಎರಡರಲ್ಲೂ ಪೊಲೀಸ್ ಕಚೇರಿಯ ಒಳಗೆ ಅಂತ ಇದೆ. ಒಂದು ಕ್ರಿಯಾಪದ ಮಾತ್ರ ಬೇರೆ. ವಿದ್ಯಾರ್ಥಿಗಳ ಫಲಕದಲ್ಲಿ ‘ಕೊಲ್ಲಲ್ಪಟ್ಟ’ ಅಂತ ಇದೆ, ನಗರಸಭೆಯದ್ದರಲ್ಲಿ ‘ದುರಂತವಾಗಿ ಸತ್ತ’ ಅಂತ.